ಎಡಗಡೆ ಮೂರನೇ ಬೆಂಚು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಆರಾಧನೆ ಶುರುವಾದಾಗ ದೇವಾಲಯದಲ್ಲಿ ಹನ್ನೊಂದು ಜನರಿದ್ದರು. ಹನ್ನೊಂದು ಜನವೂ ನಿಂತಿದ್ದರು. ನಿಂತದ್ದು ಭಕ್ತಿ ಉಕ್ಕಿ ಬಂದದ್ದರಿಂದಲ್ಲ, ಕೂರಲು ಬೆಂಚಿರಲಿಲ್ಲ.

ಪಾಸ್ಟರ ಪ್ರಸಂಗದ ಮಧ್ಯದಲ್ಲಿ ಇಬ್ಬರು ಗೋಡೆಗೆ ಒರಗಿದರು. ಒಬ್ಬಾಕೆ ಚಪ್ಪಲಿ ಬಿಡುವ ಕಡೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಪಾಸ್ಟರು ಚಿಕ್ಕ ವಯಸ್ಸಿನವರು, ಇದನ್ನೆಲ್ಲ ಕಂಡೂ ಕಾಣದಂತೆ ಮಾತು ಮೊಟಕು ಮಾಡಿ ಆಶೀರ್ವಾದ ಹೇಳಿದರು. ಸಭೆಯ ಹಿರಿಯನಾದ ವಾಲ್ವಣ್ಣ ಮಾತ್ರ ಹಲ್ಲು ಕಚ್ಚಿಕೊಂಡು ಖಾಲಿ ನೆಲವನ್ನೇ ನೋಡುತ್ತಿದ್ದ. ಮೂವತ್ತು ವರ್ಷ ನಗರದ ನೀರು ಸರಬರಾಜಿನಲ್ಲಿ ಕೆಲಸ ಮಾಡಿ, ಯಾವ ಬೀದಿಗೆ ಯಾವಾಗ ನೀರು ಬಿಡಬೇಕೆಂದು ವಾಲ್ವು ತಿರುಗಿಸಿಕೊಂಡಿದ್ದವನಿಗೆ ಆ ಹೆಸರು ಅಂಟಿಕೊಂಡಿತ್ತು. ಪಾಳಿ ತಪ್ಪಿದರೆ ಅವನಿಗೆ ಆಗುತ್ತಿರಲಿಲ್ಲ. ಇಲ್ಲಿ ಎಲ್ಲದರ ಪಾಳಿಯೂ ತಪ್ಪಿತ್ತು.

ಬೆಂಚುಗಳು ಎಲ್ಲಿ ಹೋದವೆಂಬುದು ಗುಟ್ಟೇನಲ್ಲ. ಜ್ವರದ ಕಾಲದಲ್ಲಿ ಆಸ್ಪತ್ರೆಯಲ್ಲಿ ಜಾಗ ಸಾಲದೆ ಆರೋಗ್ಯ ಇಲಾಖೆಯವರು ದೇವಾಲಯವನ್ನು ಕೇಳಿಕೊಂಡಿದ್ದರು. ಮಂಚಗಳು ಬರುವ ಹಿಂದಿನ ಸಂಜೆ ಬೆಂಚುಗಳನ್ನು ಹೊರಗೆ ಹಾಕಬೇಕಾಯಿತು. ಮಳೆಗೆ ನೆನೆಯಬಾರದೆಂದು ಒಂದೊಂದು ಮನೆಯವರು ತಮ್ಮ ತಮ್ಮ ಬೆಂಚನ್ನು ಹೊತ್ತುಕೊಂಡು ಹೋದರು. ಆ ಸಭೆಯಲ್ಲಿ ಒಂದೊಂದು ಮನೆಗೂ ಒಂದು ಬೆಂಚು, ಅದಕ್ಕೊಂದು ಜಾಗ. ಯಾರೂ ಬರೆದಿಟ್ಟ ನಿಯಮವಲ್ಲ. ಆದರೆ ಒಬ್ಬರ ಬೆಂಚಿನಲ್ಲಿ ಇನ್ನೊಬ್ಬರು ಕೂತರೆ ಆರಾಧನೆ ಮುಗಿಯುವವರೆಗೂ ಬೆನ್ನಿನ ಮೇಲೆ ಕಣ್ಣುಗಳು ನೆಟ್ಟಿರುತ್ತಿದ್ದವು. ಕಾಲೂರಿ ಕಾಲೂರಿ ಕಲ್ಲುಹಾಸಿನಲ್ಲಿ ಬೆಂಚಿಗೆ ನಾಲ್ಕರಂತೆ ಗುಳಿಗಳೇ ಬಿದ್ದಿದ್ದವು. ವಾಲ್ವಣ್ಣನ ಮನೆಯದು ಎಡಗಡೆ ಮೂರನೆಯದು.

ಈಗ ಮಂಚಗಳು ಹೋಗಿದ್ದವು. ಗೋಡೆಗೆ ಸುಣ್ಣ ಬಳಿದಾಗಿತ್ತು. ಬೆಂಚುಗಳು ಮಾತ್ರ ಮನೆಮನೆಯಲ್ಲಿ ಬೇರು ಬಿಟ್ಟಿದ್ದವು.

ವಾಲ್ವಣ್ಣ ಮನೆಗೆ ಬಂದಾಗ ಮೊಮ್ಮಗಳು ಅಂಥದ್ದೇ ಒಂದು ಬೆಂಚಿನ ತುದಿಯಲ್ಲಿ ಕಾಲು ಮಡಚಿ ಕೂತು, ಬ್ರೆಡ್ಡಿಗೆ ಜಾಮ್ ಸವರುತ್ತ ಫೋನಿನಲ್ಲಿ ಪ್ರಸಂಗ ಕೇಳುತ್ತಿದ್ದಳು. ಬರಲಾಗದ ಮುದುಕರಿಗೆಂದು ಪಾಸ್ಟರು ಪ್ರತಿ ವಾರ ಮೊದಲೇ ಮಾತಾಡಿ ಕಳಿಸುತ್ತಿದ್ದುದು ಅದು. ಕಾಲೇಜಿಗೆ ಹೋಗುವ ಹುಡುಗಿ ಯಾವಾಗ ಮುದುಕಿಯಾದಳೋ ಅವನಿಗೆ ತಿಳಿಯದು.

"ಏನೇ ಇದು? ಪಾಸ್ಟರನ್ನ ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ?"

"ಸ್ಪೀಡ್ ಜಾಸ್ತಿ ಮಾಡಿದ್ದೀನಿ ತಾತ. ಅರ್ಧ ಗಂಟೆದು ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತೆ."

"ಉಳಿದ ಹತ್ತು ನಿಮಿಷದಲ್ಲಿ ಏನು ಕಡಿದು ಗುಡ್ಡೆ ಹಾಕ್ತೀಯ?"

"ಸ್ನಾನ ಮಾಡ್ತೀನಿ."

"ದೇವಾಲಯದಲ್ಲಿ ನಾವು ಕಾಲು ಬಿದ್ದುಹೋಗೋ ಹಾಗೆ ನಿಂತಿದ್ವಿ. ಇಲ್ಲಿ ಬೆಂಚಿನ ಮೇಲೆ ಜಾಮ್ ಚೆಲ್ಲಾಡ್ತಾ ಇದ್ದಾಳೆ!"

"ಜಾಮ್ ಚೆಲ್ಲಿದ್ರೆ ಮೊದಲು ನನಗೆ ಹೇಳಿ ಮಾವ," ಎಂದು ಹೊಲಿಗೆ ಯಂತ್ರದ ಕಡೆಯಿಂದ ಸೊಸೆಯ ದನಿ ಬಂತು. "ಆ ಬಟ್ಟೆಗೆಲ್ಲಾದ್ರೂ ತಾಗಿದ್ರೆ ಇವಳ ಕೈ ಮುರೀತೀನಿ."

ಬೆಂಚಿನ ಮಿಕ್ಕ ಭಾಗದ ಮೇಲೆ ಶಾಲೆಯ ಸಮವಸ್ತ್ರಗಳ ಗುಡ್ಡೆಗಳಿದ್ದವು. ಐದನೇ ತರಗತಿಯದು ಒಂದು ಕಡೆ, ಆರನೆಯದು ಅದರ ಪಕ್ಕ, ಏಳನೆಯದು ಗೋಡೆಗೆ ಒರಗಿ. ಸೊಸೆ ಆ ಬಾರಿ ಒಂದು ಶಾಲೆಯ ಪೂರಾ ಹೊಲಿಗೆ ವಹಿಸಿಕೊಂಡಿದ್ದಳು. ಶಾಲೆ ತೆರೆಯಲು ಒಂದು ತಿಂಗಳಿತ್ತು.

"ಬೆಂಚು ವಾಪಸ್ ಹೋಗಬೇಕು," ಎಂದ ವಾಲ್ವಣ್ಣ.

"ಹೋಗಲಿ. ಶಾಲೆ ತೆಗೀಲಿ, ಆಮೇಲೆ."

"ದೇವರ ಕೆಲಸಕ್ಕೆ ಶಾಲೆಯವರ ಅಪ್ಪಣೆ ಬೇಕಾ?"

"ದೇವರು ಬಟ್ಟೆ ಕೇಳ್ಕೊಂಡು ಬಾಗಿಲಿಗೆ ಬರಲ್ಲ ಮಾವ. ಹೆಡ್‌ಮಾಸ್ಟರು ಬರ್ತಾರೆ."

ಅಡುಗೆಮನೆಯಲ್ಲಿ ವಾಲ್ವಣ್ಣನ ಹೆಂಡತಿ ನಕ್ಕದ್ದು ಕೇಳಿಸಿತು. ಅದು ಅವನ ಮೈಯೆಲ್ಲ ಉರಿಸಿತು.

ಮರುದಿನದಿಂದ ಅವನು ಮನೆಮನೆ ತಿರುಗತೊಡಗಿದ. ನಿವೃತ್ತ ಟೀಚರಮ್ಮನ ಮನೆಯಲ್ಲಿ ಬೆಂಚು ಅಂಗಳ ಸೇರಿ ಅದರ ಮೇಲೆ ಹೂಕುಂಡಗಳು ಸಾಲಾಗಿ ಕೂತಿದ್ದವು. ದಿನಾ ನೀರು ಬಿದ್ದು ಹಲಗೆ ಕಪ್ಪಾಗಿತ್ತು.

"ಟೀಚರಮ್ಮ, ಇದು ಪೂಜ್ಯ ವಸ್ತು."

"ಗಿಡಗಳೂ ದೇವರು ಮಾಡಿದ್ದೇ ಅಲ್ವಾ ಹಿರಿಯರೇ? ಅವೂ ಕೂತಿರಲಿ ಬಿಡಿ. ಹೌದು, ನಿಮ್ಮ ಮನೆ ಬೆಂಚು ಹೋಯ್ತಾ?"

ವ್ಯಾನ್ ಡ್ರೈವರನ ಮನೆಯಲ್ಲಿ ಬೆಂಚಿನ ಮೇಲೆ ಟಿವಿ ಇತ್ತು. ವಾಲ್ವಣ್ಣ ಬಗ್ಗಿ ನೋಡಿದ. ಕಾಲುಗಳು ಕುಳ್ಳಗಾಗಿದ್ದವು.

"ಕಾಲು ಕಡಿದ್ಯೇನೋ?"

"ನಾಲ್ಕೇ ನಾಲ್ಕು ಬೆರಳು. ಟಿವಿ ಎತ್ತರ ಆಗಿ ಕತ್ತು ನೋಯ್ತಿತ್ತು."

"ಇನ್ನು ನಿನ್ನ ಹೆಂಡತಿ ಮಕ್ಕಳು ಅದರಲ್ಲಿ ಕೂತ್ರೆ ಮೊಣಕಾಲು ಗದ್ದಕ್ಕೆ ಬಡಿಯುತ್ತಲ್ಲೋ!"

"ಪ್ರಾರ್ಥನೆಗೆ ಬಗ್ಗೋದು ಸುಲಭ ಆಗುತ್ತೆ ಬಿಡಿ," ಎಂದ ಡ್ರೈವರ್. ಅವನ ಹೆಂಡತಿ ಬಾಗಿಲ ಮರೆಯಿಂದ, "ಮೊದಲು ಹಿರಿಯರ ಮನೇದು ಬರಲಿ, ನಮ್ಮದು ಹಿಂದೆನೇ ಬರುತ್ತೆ," ಎಂದಳು.

ಕೊನೆಯದು ಬೇಕರಿಯವನದು. ಅಂಗಡಿಯ ಮುಂದೆ ಗಿರಾಕಿಗಳು ಕೂತು ಚಹಾ ಕುಡಿಯುವುದು ದೇವಾಲಯದ ಬೆಂಚಿನ ಮೇಲೆಯೇ. ಅವನ ಹೆಂಡತಿ ಜ್ವರದಲ್ಲಿ ತೀರಿಕೊಂಡಿದ್ದಳು, ಅದೂ ದೇವಾಲಯದ ಆ ಮಂಚಗಳ ಸಾಲಿನಲ್ಲೇ. ಅಂದಿನಿಂದ ಅವನು ಆ ಬೀದಿಗೇ ಕಾಲಿಟ್ಟಿರಲಿಲ್ಲ. ವಾಲ್ವಣ್ಣ ಅದನ್ನು ಬಲ್ಲ. ಬಲ್ಲದ್ದರಿಂದಲೇ ದನಿ ತಗ್ಗಿಸಿ ಮಾತೆತ್ತಿದ.

"ತಗೊಂಡು ಹೋಗಿ," ಎಂದ ಬೇಕರಿಯವನು ಹಿಟ್ಟಿನ ಕೈ ಒರೆಸುತ್ತ. "ಬೆಂಚು ತಾನೇ? ಸೌದೆಗಾದ್ರೂ ಹಾಕ್ಕೊಳ್ಳಿ. ನನ್ನನ್ನ ಮಾತ್ರ ಕರೀಬೇಡಿ."

"ಎಷ್ಟು ದಿನ ಅಂತ ಹೀಗೆ ದೂರ ಇರ್ತೀಯ? ಎಲ್ಲರಿಗೂ ಕಷ್ಟ ಬಂತು. ನಮ್ಮ ಸೊಸೆನೂ ಅಲ್ಲೇ ಮಲಗಿ ಎದ್ದು ಬಂದವಳು."

ಆಡಿದ ಮೇಲೆ ಮಾತು ಸರಿಯಿಲ್ಲವೆಂದು ಅವನಿಗೇ ಅನಿಸಿತು.

"ಎದ್ದು ಬಂದಳಲ್ಲ, ಸಂತೋಷ," ಎಂದ ಬೇಕರಿಯವನು. "ನಾನು ಗೇಟಿನ ಹೊರಗೆ ನಿಂತು ದಿನಾ ಬ್ರೆಡ್ಡು ಕೊಟ್ಟು ಬರ್ತಿದ್ದೆ. ಒಳಗೆ ಬಿಡ್ತಿರಲಿಲ್ಲ. ಅವಳು ಅದನ್ನ ತಿಂದಳೋ ಇಲ್ವೋ ಅಂತ ಹೇಳೋಕೂ ಒಬ್ಬರೂ ಗತಿ ಇರಲಿಲ್ಲ ನನಗೆ. ಈಗ ಅಲ್ಲಿ ಬಂದು ಹಾಡು ಹಾಡಬೇಕಾ? ಹೋಗಿ ಹಿರಿಯರೇ, ಒಲೆಯಲ್ಲಿ ಬನ್ನು ಸೀಯ್ತಾ ಇದೆ."

ಹೀಗೆ ಎರಡು ವಾರ ಕಳೆದು ಬಂದದ್ದು ಎರಡು ಬೆಂಚು. ಎರಡೂ ಮಕ್ಕಳಿಲ್ಲದ ಮುದುಕ ಮುದುಕಿಯರ ಮನೆಯವು. ಬೇಕರಿಯವನ ಬೆಂಚನ್ನು ಅವನಿಲ್ಲದೆ ತರಲು ವಾಲ್ವಣ್ಣನಿಗೆ ಮನಸ್ಸಾಗಲಿಲ್ಲ. ಉಳಿದವರೆಲ್ಲ ಒಂದೇ ರಾಗ ಹಾಡಿದರು, ಮೊದಲು ನಿಮ್ಮದು ಬರಲಿ.

ಆ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಕೂತು ಪ್ರಾರ್ಥಿಸುವ ರೂಢಿ ಜ್ವರದ ಕಾಲದಲ್ಲೂ ತಪ್ಪಿರಲಿಲ್ಲ. ವಾಲ್ವಣ್ಣ ಓದುತ್ತಿದ್ದ, ಹೆಂಡತಿ ಒಂದು ಹಾಡು ಎತ್ತುತ್ತಿದ್ದಳು, ಕೊನೆಗೆ ಕರ್ತನ ಪ್ರಾರ್ಥನೆ. ಈಚೆಗೆ ಅದು ಅರ್ಧಕ್ಕೆ ಬರುವ ಹೊತ್ತಿಗೆ ಸೊಸೆಗೆ ಒಲೆಯ ನೆನಪಾಗುತ್ತಿತ್ತು. ಎದ್ದು ಹೋಗುತ್ತಿದ್ದಳು. ಆಮೆನ್ ಆದ ಮೇಲೆ ತಟ್ಟೆಗಳೊಂದಿಗೆ ಬರುತ್ತಿದ್ದಳು. ಮೊದಮೊದಲು ವಾಲ್ವಣ್ಣ ಹೊಟ್ಟೆಗೆ ಹಾಕಿಕೊಂಡಿದ್ದ. ಬೆಂಚಿನ ತಿರುಗಾಟದಲ್ಲಿ ಹೈರಾಣಾಗಿ ಬಂದ ಆ ದಿನ ಆಗಲಿಲ್ಲ.

"ಒಲೆ ಆರಿದೆ," ಎಂದ, ಅವಳು ಮೊಣಕಾಲೂರಿ ಏಳುತ್ತಿದ್ದಂತೆ. "ನಾನೇ ನೋಡಿ ಬಂದಿದ್ದೀನಿ. ಕೂತ್ಕೋ."

ಸೊಸೆ ಕೂರಲಿಲ್ಲ. "ಮೀನು ತಣ್ಣಗಾಗುತ್ತೆ."

"ಆಗಲಿ! ಮೀನಿಗಿಂತ ದೇವರು ದೊಡ್ಡವನು ಈ ಮನೇಲಿ."

"ಅಪ್ಪಾ," ಎಂದ ಮಗ. ಇಡೀ ದಿನ ಊರವರ ಫ್ರಿಜ್ಜು ರಿಪೇರಿ ಮಾಡಿ ಹಸಿದು ಬಂದವನು. "ಮುಗಿಸಿ ಅಪ್ಪ. ಜಗಳ ಊಟ ಆದ್ಮೇಲೆ ಆಡೋಣ."

"ನೀನು ಸುಮ್ಮನಿರು. ಹೆಂಡತಿ ಮುಂದೆ ನಿನ್ನ ಬಾಯಿಗೆ ಯಾವತ್ತು ಬೀಗ ಇಲ್ಲ ಹೇಳು? ಊರೆಲ್ಲ ನನ್ನ ಮುಖಕ್ಕೆ ಉಗಿಯೋದೊಂದು ಬಾಕಿ. ಹಿರಿಯನ ಮನೇಲೇ ಬೆಂಚು ಇಟ್ಕೊಂಡಿದ್ದಾರೆ, ಹಿರಿಯನ ಸೊಸೆನೇ ದೇವಾಲಯಕ್ಕೆ ಬರಲ್ಲ, ಪ್ರಾರ್ಥನೆಗೂ ನಿಲ್ಲಲ್ಲ!"

"ಬೆಂಚು ಬರುತ್ತೆ ಅಂದೆನಲ್ಲ ಮಾವ. ಬೆಂಚು ಅದರ ಪಾಡಿಗೆ ಬರಲಿ. ನಾನು ಬರಲ್ಲ."

"ಯಾಕೆ? ಏನಾಗಿದೆ ನಿನಗೆ? ದೇವರು ಬದುಕಿಸಿದ್ದಕ್ಕೆ ಇದಾ ಕೃತಜ್ಞತೆ?"

ಸೊಸೆ ಒಳಗೆ ಹೋದಳು. ಮೀನು ಬಂತು. ಮೊಮ್ಮಗಳು, "ಆಮೆನ್ ಹೇಳಲೇ ಇಲ್ಲ, ತಿನ್ನಬಹುದಾ?" ಎಂದು ಕೇಳಿ ಅಜ್ಜಿಯಿಂದ ತಲೆಗೆ ಮೊಟಕಿಸಿಕೊಂಡಳು.

ಹೆಂಡತಿ ಹಾಸಿಗೆ ಕೊಡವುತ್ತ ಹೇಳಿದಳು: "ಅವಳ ತಂಟೆಗೆ ಹೋಗಬೇಡಿ. ನಿಮಗೆ ನೀರು ಬಿಡೋದು ಗೊತ್ತು, ನಿಲ್ಲಿಸೋದು ಗೊತ್ತು. ಎಲ್ಲದಕ್ಕೂ ತಿರುಗಣೆ ಇರಲ್ಲ."

"ನೀನೊಬ್ಬಳು ಬಾಕಿ ಇದ್ದೆ," ಎಂದು ವಾಲ್ವಣ್ಣ ಗೋಡೆ ಕಡೆ ತಿರುಗಿ ಮಲಗಿದ.

ಶಾಲೆ ತೆರೆಯಲು ಇನ್ನೂ ಹತ್ತು ದಿನವಿದ್ದ ಒಂದು ಶನಿವಾರ ಮಧ್ಯಾಹ್ನ ಸೊಸೆ ಸಿದ್ಧವಾದ ಒಂದಷ್ಟು ಬಟ್ಟೆ ಕೊಡಲು ಶಾಲೆಗೆ ಹೋದಳು. ವಾಲ್ವಣ್ಣ ಕಾಯುತ್ತಿದ್ದುದೇ ಅದಕ್ಕೆ. ತರಕಾರಿಯವನ ತಳ್ಳುಗಾಡಿ ಮೊದಲೇ ಗೊತ್ತು ಮಾಡಿಕೊಂಡಿದ್ದ. ಬೆಂಚಿನ ಮೇಲಿದ್ದ ಬಟ್ಟೆಗಳನ್ನು ಅಪ್ಪಿ ಎತ್ತಿ ಮಂಚದ ಮೇಲೆ ಹಾಕಿದ. ಎರಡು ಸಲಕ್ಕೆ ಮುಗಿಯಿತು.

"ಅಯ್ಯೋ, ಐದನೇ ಕ್ಲಾಸು ಏಳನೇ ಕ್ಲಾಸು ಎಲ್ಲಾ ಕಲಸಿಬಿಟ್ರಲ್ರೀ!" ಎಂದಳು ಹೆಂಡತಿ.

"ಬಟ್ಟೆ ತಾನೇ, ಅಳತೆ ನೋಡಿದ್ರೆ ಗೊತ್ತಾಗುತ್ತೆ."

"ಗೊತ್ತಾಗೋದು ಅವಳಿಗೆ. ಅನುಭವಿಸೋದು ನೀವು. ನಾನಂತೂ ಪಕ್ಕದ ಮನೆಗೆ ಹೋಗ್ತೀನಿ."

ದೇವಾಲಯದಲ್ಲಿ ಗಾಡಿಯವನು ಬೆಂಚು ಇಳಿಸಿ ಹೊರಗೆ ಬೀಡಿ ಸೇದಲು ನಿಂತ. ವಾಲ್ವಣ್ಣ ಒಬ್ಬನೇ ಬೆಂಚನ್ನು ಆ ಕಡೆ ಈ ಕಡೆ ಜರುಗಿಸಿ ನಾಲ್ಕು ಕಾಲನ್ನೂ ಅವುಗಳ ಗುಳಿಗೆ ಕೂರಿಸಿದ. ಕೂತಿತು. ಅಲುಗಾಡಲಿಲ್ಲ. ಒದ್ದೆ ಬಟ್ಟೆಯಿಂದ ಹಲಗೆ ಒರೆಸುತ್ತಿದ್ದಾಗ ಬಾಗಿಲಲ್ಲಿ ಸೊಸೆ ನಿಂತಿದ್ದಳು. ಮನೆಯಿಂದ ಓಡುನಡಿಗೆಯಲ್ಲಿ ಬಂದಿರಬೇಕು, ಏದುಸಿರು ಬಿಡುತ್ತಿದ್ದಳು. ಜ್ವರದ ಮೇಲೆ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು, ಅದೂ ಸಿಟ್ಟಿನ ಭರದಲ್ಲಿ.

"ಆ ತುದಿ ಹಿಡೀರಿ," ಎಂದಳು.

"ಏನಮ್ಮಾ?"

"ಬೆಂಚು ಮನೆಗೆ ಹೋಗಬೇಕು. ಹಿಡೀರಿ."

"ನೋಡು, ಎಷ್ಟು ಚೆನ್ನಾಗಿ ಕೂತಿದೆ. ಇದು ನಮ್ಮ ಜಾಗ. ನಮ್ಮಪ್ಪನ ಕಾಲದಿಂದ..."

"ಇದು ಬೇಕರಿ ಅಕ್ಕನ ಜಾಗ."

ವಾಲ್ವಣ್ಣನಿಗೆ ಅರ್ಥವಾಗಲಿಲ್ಲ. "ಅವರದು ಬಲಗಡೆ ಕೊನೇದು."

"ಅವರ ಮಂಚ ಇಲ್ಲಿತ್ತು. ನನ್ನದು ಅಲ್ಲಿ, ಗೋಡೆ ಹತ್ತಿರ." ಸೊಸೆ ಬೆರಳು ತೋರಿಸಿದಳು. ಆಮೇಲೆ ಆ ಬೆರಳನ್ನು ಇಳಿಸುವುದು ಮರೆತಳು.

ವಾಲ್ವಣ್ಣ ಏನೋ ಹೇಳಲು ಬಾಯಿ ತೆರೆದ. ದೇವರ ಚಿತ್ತ ಎಂದು ಶುರುವಾಗುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅದನ್ನು ನುಂಗಿ, "ಏನಾಯ್ತು ಇಲ್ಲಿ?" ಎಂದು ಕೇಳಿದ. ಇಷ್ಟು ದಿನದಲ್ಲಿ ಅವನು ಅದನ್ನು ಕೇಳಿರಲಿಲ್ಲ.

"ಏನಾಗೋದು? ಒಂದಿನ ಮಧ್ಯಾಹ್ನ ಅಕ್ಕ, ಬಾ, ಕರ್ತನ ಪ್ರಾರ್ಥನೆ ಹೇಳೋಣ ಅಂದ್ರು. ನಾನು ಶುರು ಮಾಡ್ದೆ. ಅರ್ಧಕ್ಕೆ ಕೆಮ್ಮು ಬಂತು, ನಿಲ್ಲಲೇ ಇಲ್ಲ. ನೀನು ಸುಮ್ಮನಿರು, ನಿಂದೂ ಸೇರಿಸಿ ನಾನೇ ಹೇಳ್ತೀನಿ ಅಂದ್ರು. ಆಮೆನ್ ತನಕ ಹೇಳಿದ್ರು. ಸಾಯಂಕಾಲ ಅವರ ಮಂಚ ತಳ್ಕೊಂಡು ಹೋದ್ರು." ಅವಳು ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಳು. "ಆ ಅರ್ಧ ಬಂದ್ರೆ ನನ್ನ ಬಾಯಿ ಕಟ್ಟುತ್ತೆ ಮಾವ. ಅದಕ್ಕೆ ಎದ್ದು ಹೋಗ್ತೀನಿ. ಕೃತಜ್ಞತೆ ಇಲ್ಲ ಅಂತ ಅಲ್ಲ."

ಹೊರಗೆ ಗಾಡಿಯವನು ಕೆಮ್ಮಿ, "ಹಿರಿಯರೇ, ಹೊತ್ತಾಯ್ತು," ಎಂದ.

"ಇದನ್ನ ಅವನಿಗೆ ಹೇಳಿದ್ದೀಯಾ? ಬೇಕರಿಯವನಿಗೆ?"

"ಏನಂತ ಹೇಳಲಿ? ನಾನು ಉಳ್ಕೊಂಡೆ, ನಿಮ್ಮವರು ಹೋದ್ರು ಅಂತಲಾ? ಆ ಅಂಗಡಿ ಮುಂದೆ ಹಾಯೋಕೂ ನನಗೆ ಕಾಲು ಬರಲ್ಲ."

"ಕೊಟ್ಟ ಬ್ರೆಡ್ಡನ್ನ ಅವಳು ತಿಂದಳೋ ಇಲ್ವೋ ಅಂತ ಕೂಡ ಅವನಿಗೆ ಗೊತ್ತಿಲ್ಲವಂತೆ."

ಸೊಸೆ ತಿರುಗಿ ನೋಡಿದಳು. "ಯಾರು ಹೇಳಿದ್ರು?"

"ಅವನೇ."

"ತಿಂದ್ರು. ಇಬ್ಬರೂ ತಿಂದ್ವಿ. ನನಗೆ ಒಳಗಿನ ಮೆತ್ತಗಿಂದು ಕೊಟ್ಟು ಅವರು ಅಂಚು ತಿಂತಿದ್ರು." ಆಮೇಲೆ ಬಗ್ಗಿ ಬೆಂಚಿನ ತುದಿ ಹಿಡಿದಳು. "ಎತ್ತಿ."

"ಈಗಲೂ?"

"ಮತ್ತೆ? ಬಟ್ಟೆ ಎಲ್ಲಿಡಲಿ, ನಿಮ್ಮ ತಲೆ ಮೇಲಾ? ಇವತ್ತು ಸಾಯಂಕಾಲ ಪೂರ್ತಿ ನೀವೂ ನಿಮ್ಮ ಮೊಮ್ಮಗಳೂ ಕೂತು ಬೇರೆ ಮಾಡಿ ಕೊಡಬೇಕು. ಐದು ಬೇರೆ, ಆರು ಬೇರೆ, ಏಳು ಬೇರೆ."

ವಾಲ್ವಣ್ಣ ಎತ್ತಿದ. ಬೆಂಚು ಮತ್ತೆ ಗಾಡಿ ಏರಿತು. ಗಾಡಿಯವನು ಇಷ್ಟರಲ್ಲಿ ಬೇಸತ್ತು, ಗಾಡಿ ಆಮೇಲೆ ತಂದುಕೊಡಿ ಎಂದು ಹೇಳಿ ಹೊರಟೇಹೋದ. ಮಾವ ಹಿಂದಿನಿಂದ ತಳ್ಳಿದ, ಸೊಸೆ ಪಕ್ಕದಲ್ಲಿ ಬೆಂಚು ಹಿಡಿದು ನಡೆದಳು. ಬರುವಾಗ ಹಿಂದಿನ ಓಣಿಯಿಂದ ಬಂದಿದ್ದ ಗಾಡಿ ಹೋಗುವಾಗ ದೊಡ್ಡ ಬೀದಿ ಹಿಡಿಯಿತು. ಸೊಸೆಯೇ ತಿರುಗಿಸಿದಳು. ಬೇಕರಿಯ ಮುಂದೆ ನಿಂತಳು.

"ಗಾಡಿ ಹಿಡ್ಕೊಂಡಿರಿ," ಎಂದು ಒಳಗೆ ಹೋದಳು.

ಅಲ್ಲಿ ಬೀದಿ ಇಳಿಜಾರು. ಕೈ ಬಿಟ್ಟರೆ ಗಾಡಿ ನೇರ ಔಷಧಿ ಅಂಗಡಿಗೆ ನುಗ್ಗುವಂತಿತ್ತು. ವಾಲ್ವಣ್ಣ ಕಾಲು ಕೊಟ್ಟು ಎದೆಯೊಡ್ಡಿ ನಿಂತ. ಗಾಜಿನಾಚೆ ಸೊಸೆ ಮಾತಾಡುತ್ತಿದ್ದುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಬೇಕರಿಯವನು ಬ್ರೆಡ್ಡು ಕತ್ತರಿಸುವುದನ್ನು ನಿಲ್ಲಿಸಿರಲಿಲ್ಲ. ಆಮೇಲೆ ನಿಲ್ಲಿಸಿದ.

"ಏನು ಹಿರಿಯರೇ, ಬೆಂಚು ಹೋಗ್ತಾ ಇದೆಯೋ ಬರ್ತಾ ಇದೆಯೋ?" ಎಂದು ಚಹಾ ಕುಡಿಯುತ್ತಿದ್ದ ವ್ಯಾನ್ ಡ್ರೈವರ್ ಕೇಳಿದ.

"ನಿನ್ನ ಕೆಲಸ ನೋಡ್ಕೋ."

"ಅಲ್ಲ, ಬರ್ತಾ ಇದ್ರೆ ನಾನೂ ಟಿವಿ ಇಳಿಸ್ತೀನಿ, ಹೋಗ್ತಾ ಇದ್ರೆ ಇಳಿಸಲ್ಲ. ಅಷ್ಟು ತಿಳಿದ್ರೆ ಸಾಕು."

"ಇಲ್ಲಿ ಬಂದು ಗಾಡಿಗೊಂದು ಕೈ ಕೊಡ್ತೀಯೋ, ಬರೀ ಬಾಯಿ ಹಾಕ್ತೀಯೋ?"

ಸೊಸೆ ಹೊರಗೆ ಬಂದಾಗ ಕಣ್ಣು ಕೆಂಪಾಗಿದ್ದವು, ಕೈಯಲ್ಲೊಂದು ಬ್ರೆಡ್ಡಿನ ಪೊಟ್ಟಣವಿತ್ತು. ಅವಳ ಹಿಂದೆಯೇ ಬೇಕರಿಯವನು ಬಂದ. ಹಿರಿಯನನ್ನು ನೋಡಲಿಲ್ಲ, ಗಾಡಿಯ ಮೇಲಿನ ಬೆಂಚನ್ನು ನೋಡಿದ.

"ಯಾವ ಜಾಗ ಅದು? ಅವಳಿದ್ದಿದ್ದು?"

"ಎಡಗಡೆ ಮೂರನೇದು," ಎಂದ ವಾಲ್ವಣ್ಣ.

"ಅದು ನಿಮ್ಮದಲ್ವಾ?"

ಇಳಿಜಾರಿನಲ್ಲಿ ಗಾಡಿ ಎದೆಗೆ ಒತ್ತುತ್ತಿತ್ತು. "ಹೌದು," ಎಂದ ವಾಲ್ವಣ್ಣ. ಅವನು ಕಾಲನ್ನು ಇನ್ನಷ್ಟು ಬಲವಾಗಿ ಊರಿದ. "ನಾಳೆ ನಿನ್ನ ಬೆಂಚು ಅಲ್ಲಿಗೆ ತಂದು ಹಾಕು."

ಮರುದಿನ ಬೇಕರಿಯ ವ್ಯಾನಿನಲ್ಲಿ ಬೆಂಚು ಬಂತು. ಎಡಗಡೆ ಮೂರನೆಯ ಜಾಗದಲ್ಲಿ ಇಟ್ಟರು. ಅಳತೆ ಬೇರೆ, ಎರಡು ಕಾಲು ಗುಳಿಯಲ್ಲಿ ಕೂತವು, ಎರಡು ಹೊರಗೆ ಉಳಿದವು. ಬೆಂಚು ಕಟಕಟ ಅಲುಗಿತು. ವಾಲ್ವಣ್ಣನಿಗೆ ತಡೆಯಲಾಗಲಿಲ್ಲ.

"ಒಂಚೂರು ಹಿಂದಕ್ಕೆ ಸರಿಸಿದ್ರೆ..."

"ಇರಲಿ ಮಾವ," ಎಂದಳು ಸೊಸೆ.

"ಅಲುಗುತ್ತಲ್ಲಮ್ಮ."

"ಅಲುಗಲಿ."

ಅವಳು ಗಂಡ, ಮಗಳು, ಅತ್ತೆಯರೊಡನೆ ಬಂದಿದ್ದಳು. ಕೂರಲು ಅವರ ಮನೆಯ ಬೆಂಚಿರಲಿಲ್ಲ, ಅದರ ಮೇಲೆ ಏಳನೇ ತರಗತಿಯ ಬಟ್ಟೆಗಳಿದ್ದವು. ಮಗ ಗೋಡೆಗೆ ಒರಗಿದ. ಬೇಕರಿಯವನು ಬೆಂಚಿನ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯನ್ನು ಕೈಯಿಂದ ತಟ್ಟಿದ. ಸೊಸೆ ಹೋಗಿ ಕೂತಳು, ಮಗಳು ಅವಳ ಪಕ್ಕ ತುರುಕಿಕೊಂಡಳು. ಮಂದಿ ನೋಡಿದರು. ನೋಡಲಿ ಎಂದು ವಾಲ್ವಣ್ಣ ಎದುರಿಂದ ಅವರನ್ನೇ ದಿಟ್ಟಿಸಿದ.

ಕರ್ತನ ಪ್ರಾರ್ಥನೆಗೆ ಎಲ್ಲರೂ ಎದ್ದರು. ಅರ್ಧದವರೆಗೆ ಸೊಸೆಯ ದನಿ ಅವನಿಗೆ ಕೇಳಿಸಿತು, ಆಮೇಲೆ ಕೇಳಿಸಲಿಲ್ಲ. ಅವಳು ತುಟಿ ಬಿಗಿಹಿಡಿದು ಅಲ್ಲೇ ನಿಂತಿದ್ದಳು. ಪಕ್ಕದಲ್ಲಿ ಬೇಕರಿಯವನ ದನಿಯೂ ಇರಲಿಲ್ಲ. ಮೊಮ್ಮಗಳು ಮಾತ್ರ ಇಬ್ಬರನ್ನೂ ನೋಡಿ, ತನ್ನ ಮಾಮೂಲಿ ಅವಸರ ಬಿಟ್ಟು, ಗಟ್ಟಿಯಾಗಿ, ನಿಧಾನವಾಗಿ ಕೊನೆಯವರೆಗೆ ಹೇಳಿದಳು.

ಶಾಲೆ ತೆರೆದ ವಾರ ಬಟ್ಟೆಗಳು ಮುಗಿದವು. ಶನಿವಾರ ಮಗ ಸೊಸೆ ಇಬ್ಬರೂ ಬೆಂಚು ಹೊತ್ತು ತಂದರು. ಅಷ್ಟರಲ್ಲಿ ಡ್ರೈವರನ ಕುಳ್ಳು ಬೆಂಚೂ, ಟೀಚರಮ್ಮನ ಕಪ್ಪು ಬೆಂಚೂ, ಇನ್ನೂ ಐದಾರು ಬಂದಿದ್ದವು. ಬೇಕರಿಯವನ ಹಳೆಯ ಜಾಗದಲ್ಲಿ ಕಿಟಕಿಯ ನೀರು ಸೋರುತ್ತಿದ್ದುದರಿಂದ ಅಲ್ಲೂ ಇಡುವಂತಿರಲಿಲ್ಲ. ವಾಲ್ವಣ್ಣ ಅರ್ಧ ಗಂಟೆ ಗೊಣಗಿದ. ಕೊನೆಗೆ ಬಾಗಿಲ ಪಕ್ಕ, ಎಲ್ಲರ ಹಿಂದೆ, ಗುಳಿಗಳಿಲ್ಲದ ನೆಲದ ಮೇಲೆ ಬೆಂಚು ಇಟ್ಟರು.

ಆ ವಾರದಿಂದ ಸಭೆಯ ಹಿರಿಯನ ಮನೆಯವರು ಕೊನೆಯ ಸಾಲಿನಲ್ಲಿ ಕೂರುತ್ತಾರೆ.